ಹೊಳಪು ನೋಡಿ ಕಲಾಯಿ ನಂಬಬೇಡಿ: ನಮ್ಮನೆ ಅಪ್ಪೆಹುಳಿ ಕತೆ

ಅಜ್ಜಿ ಕಾಲದ ಹಿತ್ತಾಳೆ ತಪ್ಪಲೆಯನ್ನು ಅಟ್ಟದಿಂದ ಇಳಿಸಿ ತೊಳೆಯುತ್ತಿದ್ದೀರಾ? ಇದನ್ನು ಓದಿ, ಆಮೇಲೆ ಒಲೆ ಮೇಲಿಡಿ. ಕಳೆದ ಏಪ್ರಿಲ್ ಕೊನೆಯಲ್ಲಿ ನಮ್ಮ ಮನೆಯಲ್ಲಿ ಒಂದೇ ಮಧ್ಯಾಹ್ನ ಏಳು ಜನ ವಾಂತಿ ಮಾಡಿಕೊಂಡರು. ಅದರಲ್ಲಿ ಇಬ್ಬರು ಮಕ್ಕಳು. ನಾನೇ ಕೈಯಾರೆ ಮಾಡಿ ಬಡಿಸಿದ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತೆಳು ಹುಳಿಸಾರು, ಕುಡಿದು.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅತ್ತೆಯ ಅತ್ತೆ ಬಳಸುತ್ತಿದ್ದ ಹಿತ್ತಾಳೆ ಪಾತ್ರೆಗಳು ಐದಾರು ಅಟ್ಟದ ಮೇಲೆ ಮಸಿ ಹಿಡಿದು ಕೂತಿದ್ದವು. ಈಗ ಎಲ್ಲರೂ ಫೋನಿನಲ್ಲಿ ಹಿತ್ತಾಳೆ ಪಾತ್ರೆಯ ಸಾರು, ಮಣ್ಣಿನ ಗಡಿಗೆಯ ಪಾಯಸ ಅಂತ ಫೋಟೋ ಹಾಕುತ್ತಾರಲ್ವಾ, ನನಗೂ ಆಸೆ ಹತ್ತಿತು. ಇಳಿಸಿ, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಹೊರಗೆ ಬಂಗಾರದಂತೆ ಹೊಳೆಯಿತು. ಒಳಗೆ ಹಳೆ ಕಲಾಯಿ, ಅಂದರೆ ಒಳಮೈಗೆ ಹಾಕುವ ತವರದ ಲೇಪ, ಪೂರ್ತಿ ಸವೆದು ಹಳದಿ ಕಾಣುತ್ತಿತ್ತು. ಕಲಾಯಿ ಹಾಕಿಸದೆ ಅಡುಗೆ ಮಾಡಬೇಡ ಅಂತ ಅತ್ತೆ ಕಟ್ಟುನಿಟ್ಟಾಗಿ ಹೇಳಿದರು. ಅಷ್ಟು ನಮಗೂ ಗೊತ್ತಿತ್ತು.

ಹಿಂದೆಲ್ಲಾ ಕಲಾಯಿಯವರು ವರ್ಷಕ್ಕೊಮ್ಮೆ ಊರಿಗೆ ಬಂದು, ಮರದ ಬುಡದಲ್ಲಿ ಗುಂಡಿ ತೋಡಿ, ತಿದಿ ಹಾಕಿ ಕೂರುತ್ತಿದ್ದರಂತೆ. ಈಗ ಹುಡುಕಿದರೂ ಸಿಗುವುದು ಕಷ್ಟ. ಹಾಗಿರುವಾಗ ಒಬ್ಬ ಬೈಕಿನಲ್ಲಿ ಸಣ್ಣ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ತಾನಾಗಿಯೇ ಅಂಗಳಕ್ಕೆ ಬಂದ. ಐದು ಪಾತ್ರೆಗೆ ಆರುನೂರು ರೂಪಾಯಿ ಅಂದ. ನಾನು ಚೌಕಾಸಿ ಮಾಡಿ ಐನೂರಕ್ಕೆ ಇಳಿಸಿದೆ! ಒಳಗೆ ಹಪ್ಪಳದ ಹಿಟ್ಟು ಕಲಸುವುದಿತ್ತು, ಕೆಲಸ ನೋಡಲು ನಿಲ್ಲಲಿಲ್ಲ. ಅರ್ಧ ಗಂಟೆಯಲ್ಲಿ "ಆಯ್ತು ಅಕ್ಕಾ" ಅಂತ ಕರೆದ. ಐದು ಪಾತ್ರೆ, ಅರ್ಧ ಗಂಟೆ. ಆಗಲೇ ಅನುಮಾನ ಬರಬೇಕಿತ್ತು. ಆದರೆ ಒಳಗೆಲ್ಲಾ ಕನ್ನಡಿಯ ಹಾಗೆ ಬೆಳ್ಳಗೆ ಮಿಂಚುತ್ತಿತ್ತು. ಫೋಟೋ ತೆಗೆದು ತವರುಮನೆಯವರ ಫೋನ್ ಗುಂಪಿಗೆ ಬೇರೆ ಕಳಿಸಿದೆ.

ಮರುವಾರ ಮನೆಯಲ್ಲಿ ಸತ್ಯನಾರಾಯಣ ಕತೆ. ಹತ್ತಿರದವರು ಇಪ್ಪತ್ತೈದು ಜನ. ಮಾವಿನಕಾಯಿ ಕಾಲ, ಅಪ್ಪೆಹುಳಿ ಇಲ್ಲದೆ ನಮ್ಮ ಕಡೆ ಊಟ ಮುಗಿಯುವುದಿಲ್ಲ. ಹೊರಗಿನವರಿಗೆ ಒಂದು ಮಾತು: ಇದು ಸಾಂಬಾರಲ್ಲ. ಬೇಳೆ ಇಲ್ಲ, ತೆಂಗಿನಕಾಯಿ ಇಲ್ಲ. ಪರಿಮಳದ ಹುಳಿ ಮಾವಿನಕಾಯಿ ಬೇಯಿಸಿ, ಕಿವುಚಿ, ನೀರು ಬೆರೆಸಿ, ಉಪ್ಪು, ಚೂರು ಸಕ್ಕರೆ ಹಾಕಿ, ಮೇಲೆ ಸಾಸಿವೆ, ಸೂಜಿಮೆಣಸು, ಇಂಗಿನ ಒಗ್ಗರಣೆ. ನೀರಿನಷ್ಟೇ ತೆಳ್ಳಗೆ. ಅನ್ನಕ್ಕೆ ಸುರಿದುಕೊಳ್ಳುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಜಾಸ್ತಿ. ಎರಡು ಲೋಟ ಕುಡಿದರೆ ಮಧ್ಯಾಹ್ನ ಕಣ್ಣು ತಾನಾಗಿ ಮುಚ್ಚುತ್ತದೆ ಅನ್ನುತ್ತಾರೆ.

ಹಿಂದಿನ ದಿನ ಸಂಜೆಯೇ ಮಾಡಿಟ್ಟರೆ ರುಚಿ ಹಿಡಿಯುತ್ತದೆ ಅಂದುಕೊಂಡು ದೊಡ್ಡ ತಪ್ಪಲೆ ತೆಗೆದೆ. ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಗ್ಗರಣೆ ಸೌಟು ಸಿಗಲಿಲ್ಲ ಅಂತ ಖಾಲಿ ತಪ್ಪಲೆಯನ್ನೇ ಕಟ್ಟಿಗೆ ಒಲೆಯ ಮೇಲಿಟ್ಟು ಸಾಸಿವೆ ಡಬ್ಬಿ ಹುಡುಕಲು ಹೋದೆ. ಬರುವಾಗ ಪಾತ್ರೆ ಕಾದು ಕೆಂಡವಾಗಿತ್ತು. ಎಣ್ಣೆ ಹಾಕಿದ ಕೂಡಲೇ ಹೊಗೆ ಎದ್ದಿತು. ತಳದಲ್ಲಿ ಬೆಳ್ಳಗಿನ ಸಣ್ಣ ಹನಿಗಳು ಪಾದರಸದ ಹಾಗೆ ಓಡಾಡಿದ್ದು ಕಂಡಿತು. ಎಣ್ಣೆಯ ಗುಳ್ಳೆ ಇರಬೇಕು ಅಂದುಕೊಂಡೆ, ನೋಡಿ ನನ್ನ ಬುದ್ಧಿ. ಕಲಾಯಿಗೆ ಹಾಕುವುದು ತವರ, ಅದು 232 ಡಿಗ್ರಿಗೇ ಕರಗುತ್ತದೆ. ಖಾಲಿ ಪಾತ್ರೆ ಜೋರು ಉರಿಯಲ್ಲಿ ಅಷ್ಟು ಕಾಯಲು ಹೆಚ್ಚು ಹೊತ್ತು ಬೇಡ. ಒಂದು ಕಡೆ ಹಾಕಿದ್ದೇ ಕಳ್ಳ ಕಲಾಯಿ, ಇನ್ನೊಂದು ಕಡೆ ಇದ್ದಷ್ಟನ್ನೂ ನಾನೇ ಕರಗಿಸಿದೆ. ಆ ಬರಿ ಹಿತ್ತಾಳೆಯ ಮೇಲೆ ಹತ್ತು ಲೀಟರ್ ಹುಳಿ, ಉಪ್ಪು, ಇಡೀ ರಾತ್ರಿ.

ಮರುದಿನ ಊಟಕ್ಕೆ ಮುಂಚೆ ಅತ್ತೆ ಒಂದು ಸೌಟು ಬಾಯಿಗೆ ಹಾಕಿ ಮುಖ ಕಿವುಚಿದರು. "ಎಂತಕ್ಕೆ ಹಿಂಗೆ ಕನರು ಬತ್ತು ತಂಗಿ?" ಅಂದರು. ಮಾವಿನಕಾಯಿ ಸೊನೆ ಇರಬೇಕು ಅಂತ ನಾನು ಇನ್ನೊಂದು ಚೂರು ಸಕ್ಕರೆ ಹಾಕಿದೆ. ಈಗಲೂ ನೆನೆದರೆ ನಾಚಿಕೆ ಆಗುತ್ತದೆ. ಎಪ್ಪತ್ತು ದಾಟಿದವರ ನಾಲಿಗೆ ಹೇಳಿದ್ದನ್ನು ಸಕ್ಕರೆ ಹಾಕಿ ಮುಚ್ಚಿದೆ.

ಎಲೆ ಎತ್ತಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಮೊದಲು ನಾದಿನಿಯ ಮಗ, ಆಮೇಲೆ ಅವಳು, ಆಮೇಲೆ ಸಾಲಾಗಿ. ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ರುಚಿ, ಹೊಟ್ಟೆ ತೊಳಸು, ವಾಂತಿ. ಅಪ್ಪೆಹುಳಿ ಕುಡಿಯದವರಿಗೆ ಏನೂ ಇಲ್ಲ. ಎರಡು ಜೀಪಿನಲ್ಲಿ ಶಿರಸಿಗೆ ಓಡಿದೆವು. ಡಾಕ್ಟರು ಏನು ತಿಂದಿರಿ ಅಂತ ಕೇಳಿದರು. ಕೇಳಿದ ಮೇಲೆ ಅವರ ಎರಡನೇ ಪ್ರಶ್ನೆ, "ಹುಳಿ ಯಾವ ಪಾತ್ರೆಯಲ್ಲಿತ್ತು?"

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಸೇರಿದ್ದು. ಹುಳಿ, ಉಪ್ಪು ಎರಡೂ ಬಿದ್ದರೆ ಅವು ಕರಗಿ ಪದಾರ್ಥಕ್ಕೆ ಇಳಿಯುತ್ತವೆ. ತಾಮ್ರ ಜಾಸ್ತಿ ಹೋದರೆ ಹೊಟ್ಟೆ ತಡೆಯುವುದಿಲ್ಲ, ಬೇಗನೇ ಹೊರಗೆ ಹಾಕುತ್ತದೆ. ಹಾಗೆ ಹೊರಗೆ ಹಾಕಿದ್ದೇ ಒಳ್ಳೆಯದಾಯಿತು ಅಂದರು ಡಾಕ್ಟರು. ಮಕ್ಕಳಿಗೆ ಡ್ರಿಪ್ ಹಾಕಿದರು, ಉಳಿದವರಿಗೆ ಓಆರ್‌ಎಸ್. ಬೆಳಗಾಗುವಷ್ಟರಲ್ಲಿ ಎಲ್ಲರೂ ಸುಧಾರಿಸಿದರು.

ಮನೆಗೆ ಬಂದು ತಪ್ಪಲೆ ಬಗ್ಗಿಸಿ ನೋಡಿದೆ. ಹುಳಿ ನಿಂತಿದ್ದ ಮಟ್ಟಕ್ಕೆ ಸರಿಯಾಗಿ ಒಂದು ಹಸಿರು ಗೆರೆ, ಕಿಲುಬು. ಅದರ ಕೆಳಗೆ ತಳವೆಲ್ಲಾ ಕೆಂಪು ಮಚ್ಚೆ. ಮೇಲಿನ ಅಂಚಿನಲ್ಲಿ ಮಾತ್ರ ಬಿಳಿ ಹೊಳಪು ಉಳಿದಿತ್ತು. ಉಗುರಿನಿಂದ ಗೀರಿದರೆ ಅದೂ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ನಾನು ಕಾಯಿಸದೇ ಇದ್ದ ಉಳಿದ ನಾಲ್ಕು ಪಾತ್ರೆಯಲ್ಲೂ ಹಾಗೇ ಏಳುತ್ತಿತ್ತು. ಬೈಕಿನವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ಯಾರೋ ಹೇಳಿದರು ಅಂತ ಐದೂ ಪಾತ್ರೆ ಕಟ್ಟಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾ ಕಡೆಗೆ ಹೋದೆವು. ಅಲ್ಲೊಬ್ಬರು ವಯಸ್ಸಾದವರು ಇನ್ನೂ ಇದ್ದಿಲಿನಲ್ಲೇ ಕಲಾಯಿ ಹಾಕುತ್ತಾರೆ. ಅವರು ತಪ್ಪಲೆ ಕೈಗೆ ತೆಗೆದುಕೊಂಡು, ಒಳಗೆ ಬೆರಳಾಡಿಸಿ, "ಇದ್ಕೆ ತವರ ಹಿಡ್ದೇ ಇಲ್ಲ ಅಮ್ಮ. ಬರೀ ಮೇಲೆ ಮೇಲೆ ಸವರಿದ್ದಾರೆ" ಅಂದರು. ಆಮೇಲೆ ಬಿಳಿ ಹಾಳೆ ಕೇಳಿದರು. ಮಗನ ನೋಟ್‌ಬುಕ್ಕಿನ ಹಾಳೆ ಕೊಟ್ಟೆ. ಬಿಳಿ ಉಳಿದಿದ್ದ ಅಂಚಿಗೆ ಒತ್ತಿ ಉಜ್ಜಿದರು. ಪೆನ್ಸಿಲ್ ಎಳೆದ ಹಾಗೆ ಬೂದು ಗೆರೆ ಬಿತ್ತು. ಸೀಸ ಬೆರೆಸಿದ್ದಾನೆ ಅಂದರು. ತವರ ದುಬಾರಿ, ಸೀಸ ಅಗ್ಗ.

ವಾಂತಿಗಿಂತ ನನಗೆ ಜಾಸ್ತಿ ಹೆದರಿಕೆ ಆಗಿದ್ದು ಇಲ್ಲಿ. ತಾಮ್ರ ಕೂಡಲೇ ಗೊತ್ತಾಗುತ್ತದೆ. ಸೀಸ ಹಾಗಲ್ಲ. ದಿನಾ ಚೂರು ಚೂರು ಮೈಗೆ ಸೇರಿ ಎಲುಬಿನಲ್ಲಿ ಕೂರುತ್ತದೆ, ಮಕ್ಕಳ ಮಿದುಳಿಗೆ ಪೆಟ್ಟು. ಅಂದು ವಾಂತಿ ಆಗದೇ ಇದ್ದಿದ್ದರೆ ಅದೇ ಪಾತ್ರೆಗಳಲ್ಲಿ ವರ್ಷಗಟ್ಟಲೆ ಸಾರು ಕುದಿಸುತ್ತಿದ್ದೆ.

ತವರಕ್ಕೂ ಸೀಸಕ್ಕೂ ಇರುವ ವ್ಯತ್ಯಾಸ ತೋರಿಸಲು ಆ ಕಲಾಯಿಯ ಹಿರಿಯರು ತಮ್ಮ ತವರದ ಕಡ್ಡಿಯೊಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಕರಕರ ಸದ್ದು, ಒಣಗಿದ ಎಲೆ ಮುರಿದಂತೆ. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಸೀಸದ ತುಂಡೊಂದನ್ನು ತಟ್ಟಿ ಉದ್ದ ಮಾಡಿ ಬಗ್ಗಿಸಿದರು. ಮೀನುಬಲೆಗೆ ಕಟ್ಟುತ್ತಾರಲ್ಲ, ಆ ಸೀಸ. ಸದ್ದೇ ಇಲ್ಲ, ಬೆಣ್ಣೆಯ ಹಾಗೆ ಬಾಗಿತು.

ಅವರ ಕೆಲಸವನ್ನು ಈ ಸಲ ಕದಲದೆ ನೋಡಿದೆ. ಹಳೆಯದನ್ನೆಲ್ಲಾ ಕಿತ್ತು, ಹಳದಿ ಕಾಣುವವರೆಗೆ ಮರಳಿನಲ್ಲಿ ತಿಕ್ಕಿದರು. ಅರ್ಧ ಸಮಯ ಅದಕ್ಕೇ ಹೋಯಿತು. ಇದ್ದಿಲಿನ ಮೇಲೆ ಕಾಯಿಸಿ, ತವರ ಹಿಡಿಯಲೆಂದು ನವಸಾಗರದ ಪುಡಿ ಎರಚಿದರು, ಬಿಳಿ ಹೊಗೆ ಎದ್ದು ಕಣ್ಣು ಉರಿಯಿತು. ತವರದ ಕಡ್ಡಿ ಮುಟ್ಟಿಸಿ, ಅದು ಕರಗುತ್ತಿದ್ದಂತೆ ಹತ್ತಿಯಲ್ಲಿ ಒಂದೇ ಬೀಸಿಗೆ ಒರೆಸಿದರು. ಕೊನೆಗೆ ತಣ್ಣೀರಿಗೆ ಅದ್ದಿದಾಗ ಚುಂಯ್ ಅಂತು. ಒಂದೇ ತಪ್ಪಲೆಗೆ ಮುಕ್ಕಾಲು ಗಂಟೆ ಹಿಡಿಯಿತು. ದುಡ್ಡು ಬೈಕಿನವನ ಮೂರು ಪಟ್ಟು. ಚೌಕಾಸಿ ಮಾಡಲಿಲ್ಲ.

ಹಿತ್ತಾಳೆ ಬಿಡಿ ಅಂತ ನಾನು ಹೇಳುವುದಿಲ್ಲ. ಅನ್ನ, ಪಾಯಸ ಈಗಲೂ ಅದರಲ್ಲೇ ಮಾಡುತ್ತೇನೆ. ಆದರೆ ಕಲಾಯಿ ಚೆನ್ನಾಗಿದ್ದರೂ ಅಪ್ಪೆಹುಳಿ, ಮುರುಗಲು, ಉಪ್ಪಾಗೆಯಂಥ ಹುಳಿ ಹಣ್ಣಿನ ಪದಾರ್ಥ, ಮಜ್ಜಿಗೆ, ತಂಬುಳಿ ಯಾವುದನ್ನೂ ಅದರಲ್ಲಿ ಇಡುವುದಿಲ್ಲ. ಅದಕ್ಕೆ ಸ್ಟೀಲ್ ಇದೆ, ಭರಣಿ ಇದೆ, ಕಲ್ಲಿನ ಮರಿಗೆ ಇದೆ. ಒಗ್ಗರಣೆಗೆ ಕಬ್ಬಿಣದ ಸೌಟು. ಖಾಲಿ ಪಾತ್ರೆ ಒಲೆಗೆ ಇಡುವುದಿಲ್ಲ, ಸ್ಟೀಲ್ ನಾರಿನಿಂದ ಒಳಗೆ ಉಜ್ಜುವುದಿಲ್ಲ. ತಳದಲ್ಲಿ ಎಲ್ಲಾದರೂ ಹಳದಿ ಇಣುಕಿದರೆ ಮತ್ತೆ ಕಲಾಯಿಗೆ. ಹಾಂ, ಆನ್‌ಲೈನಿನಲ್ಲಿ ಹೂವು ತೇಲಿಬಿಡಲು ಮಾರುವ ಉರುಳಿಯಲ್ಲಿ ದಯವಿಟ್ಟು ಅಡುಗೆ ಮಾಡಬೇಡಿ. ಎಷ್ಟೋ ಅಲಂಕಾರದ ಪಾತ್ರೆಗಳಿಗೆ ಹೊಳಪು ಉಳಿಯಲೆಂದು ಮೆರುಗಿನ ಎಣ್ಣೆ ಬಳಿದಿರುತ್ತಾರೆ.

ಮೊನ್ನೆ ಸಿದ್ದಾಪುರದ ಅಕ್ಕ ಫೋನ್ ಮಾಡಿದ್ದಳು. ಮಾತಿನ ನಡುವೆ, "ನಮ್ಮನೆಗೂ ಕಲಾಯಿಯವ ಬಂದಿದ್ದ, ಬೈಕಿನಲ್ಲಿ. ಏಳು ಪಾತ್ರೆ ಬರೀ ಮುಕ್ಕಾಲು ಗಂಟೆಯಲ್ಲಿ ಮಾಡಿಕೊಟ್ಟ" ಅಂದಳು. ಒಂದರಲ್ಲೂ ಏನೂ ಬೇಯಿಸಬೇಡ ಅಂದಿದ್ದೇನೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟಿದ್ದೇನೆ, ಚೀಲದಲ್ಲಿ ನಾಲ್ಕು ಬಿಳಿ ಹಾಳೆ ಇಟ್ಟುಕೊಂಡು.