ಏಳು ವರ್ಷ ಅನ್ನ ಕೊಟ್ಟ ಎಲೆಕ್ಟ್ರಿಕ್ ಭಟ್ಟಿ ಮತ್ತು ಅದರೊಳಗಿನ ಕೆಳ ಅಟ್ಟ

ಮೈಸೂರಿನ ಹೊರವಲಯದಲ್ಲಿರುವ ನನ್ನ ಸಣ್ಣ ಕುಂಬಾರಿಕೆ ಕಾರ್ಯಾಗಾರಕ್ಕೆ ಆರು ಘನ ಅಡಿಯ, ಮುಂಬಾಗಿಲಿನ, ಮೂರು ಫೇಸಿನ ಈ ಭಟ್ಟಿ ಬಂದು ಏಳು ವರ್ಷಗಳಾದವು. ಉಳಿದ ವಿವರಗಳೆಲ್ಲ ತಯಾರಕರ ಕೈಪಿಡಿಯಲ್ಲೇ ಇವೆ. ಕೊಳ್ಳುವಾಗ ನನಗೆ ಯಾರೂ ಹೇಳದಿದ್ದ ಒಂದು ವಿಷಯಕ್ಕಾಗಿ ಇದನ್ನು ಬರೆಯುತ್ತಿದ್ದೇನೆ: ಭಟ್ಟಿಯನ್ನು ಕಾಯಿಸುವ, ಒಳಗಿನ ಕಾಂತಾಲ್ ಎಂಬ ಮಿಶ್ರಲೋಹದ ತಂತಿ ಒಂದೇ ದಿನ ಕೆಟ್ಟುಹೋಗುವುದಿಲ್ಲ, ತಿಂಗಳುಗಟ್ಟಲೆ ಸದ್ದಿಲ್ಲದೆ ಸೊರಗುತ್ತದೆ.

ತಂತಿ ಹಳತಾದಂತೆ ವಿದ್ಯುತ್ತಿಗೆ ಅದು ಒಡ್ಡುವ ರೋಧ ಹೆಚ್ಚಿ, ಅದು ಕೊಡುವ ಶಾಖ ತಗ್ಗುತ್ತದೆ. ಹೊಸದರಲ್ಲಿ ಒಂಬತ್ತು ಗಂಟೆಗಳಲ್ಲಿ, ಸುಮಾರು 70 ಯೂನಿಟ್ ವಿದ್ಯುತ್ತಿನಲ್ಲಿ ಮುಗಿಯುತ್ತಿದ್ದ ಗ್ಲೇಜ್ (ಪಾತ್ರೆಯ ಮೇಲಿನ ಗಾಜಿನಂಥ ಲೇಪ) ಸುಡುವಿಕೆ ಮೂರನೆಯ ವರ್ಷದ ಕೊನೆಗೆ 14 ಗಂಟೆಗಳನ್ನೂ ನೂರರ ಹತ್ತಿರದ ಯೂನಿಟ್‌ಗಳನ್ನೂ ತೆಗೆದುಕೊಳ್ಳತೊಡಗಿತು. ಆದರೂ ಫಲಕದ ಮೇಲೆ 1220 ಡಿಗ್ರಿ ಎಂಬ ಅಂಕಿ ತಪ್ಪದೆ ಮೂಡುತ್ತಿದ್ದುದರಿಂದ ನಾನು ಅದನ್ನೇ ನಂಬಿದೆ. ದೀಪಾವಳಿ ಉಡುಗೊರೆಗೆಂದು ಒಪ್ಪಿಕೊಂಡಿದ್ದ ಕಪ್ಪುಗಳನ್ನು ಸುಟ್ಟು ಬಾಗಿಲು ತೆಗೆದಾಗ ಒಳಗೆ ಮೇಲಿನ ಅಟ್ಟದಲ್ಲಿ ಗ್ಲೇಜ್ ಕರಗಿ ಹರಿದು ತಳಹಲಗೆಗೆ ಅಂಟಿಕೊಂಡಿತ್ತು. ಕೆಳಗಿನ ಅಟ್ಟದ 24 ಕಪ್ಪುಗಳು ಒರಟಾಗಿ, ಮಂಕಾಗಿ ಉಳಿದಿದ್ದವು. ಅವುಗಳಲ್ಲಿ ರಾತ್ರಿ ನೀರು ತುಂಬಿಟ್ಟು ನೋಡಿದೆ. ಬೆಳಿಗ್ಗೆ ಮೇಜು ಒದ್ದೆಯಾಗಿತ್ತು.

ಭಟ್ಟಿ ಮಾರಿದವರು ಹೊಸ ತಂತಿಯನ್ನು ಒಂದು ವಾರದಲ್ಲಿ ಕಳಿಸುವುದಾಗಿ ಹೇಳಿ ಐದು ವಾರ ಕಾಯಿಸಿದರು. ಹಬ್ಬ ಕಳೆದುಹೋಯಿತು, ಮುಂಗಡವನ್ನು ಹಿಂದಿರುಗಿಸಿದೆ. ಹಸಿ ಮಣ್ಣು ತರುವುದರಿಂದ ಹಿಡಿದು ಸುಟ್ಟ ಕಪ್ಪು ಕಟ್ಟಿಕೊಡುವವರೆಗೆ ಎಲ್ಲವೂ ಒಂದೇ ಭಟ್ಟಿಯನ್ನು ನೆಚ್ಚಿಕೊಂಡಿರುವ ಸಂಸಾರಕ್ಕೆ ಐದು ವಾರವೆಂದರೇನು ಎಂಬುದನ್ನು ಅವರು ಅರ್ಥಮಾಡಿಕೊಳ್ಳಬೇಕಿತ್ತು. ಆ ಬೇಸರ ಈಗಲೂ ಹೋಗಿಲ್ಲ.

ತಂತಿ ಬದಲಾದ ಮೇಲೆ ನಾನೂ ಬದಲಾದೆ. ಈಗ ಪ್ರತಿ ಅಟ್ಟದಲ್ಲೂ ಒಂದೊಂದು ಕೋನ್, ಅಂದರೆ ತಕ್ಕಷ್ಟು ಶಾಖ ಉಂಡಾಗ ಮೆತ್ತಗಾಗಿ ಬಾಗುವ ಪುಟ್ಟ ಶಂಕು, ನಿಲ್ಲಿಸುತ್ತೇನೆ. ಗಂಟೆಗೆ 60 ಡಿಗ್ರಿಯಂತೆ ಏರಿಸಿದರೆ 1222 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬಾಗುವ 6ನೇ ಸಂಖ್ಯೆಯ ಕೋನ್, ಆ ಜಾಗದ ಪಾತ್ರೆ ಎಷ್ಟು ಹೊತ್ತು ಎಷ್ಟು ಶಾಖ ಉಂಡಿದೆ ಎಂಬುದನ್ನು ತೋರಿಸುತ್ತದೆ. ಒಂದೇ ಕಡೆ ಚುಚ್ಚಿದ, ಫಲಕಕ್ಕೆ ತಾಪ ತಿಳಿಸುವ ಥರ್ಮೋಕಪಲ್‌ಗೆ ಅದು ಗೊತ್ತಾಗದು. ಈ ಭಟ್ಟಿಯ ಕೆಳಗಿನ ಅಟ್ಟ ಹೊಸ ತಂತಿಯಲ್ಲೂ ಸ್ವಲ್ಪ ತಣ್ಣಗೇ ಇರುತ್ತದೆ. ಅದಕ್ಕೆಂದೇ ಫ್ರಿಟ್ (ಮೊದಲೇ ಕರಗಿಸಿ ಪುಡಿಮಾಡಿದ ಗಾಜು) ಹೆಚ್ಚು ಹಾಕಿದ, ಬೇಗ ಕರಗುವ ಬೇರೊಂದು ಗ್ಲೇಜ್ ಮಾಡಿಕೊಂಡೆ. ಮೊಸರಿನ ಬಿಳುಪಿನ ಆ ಗ್ಲೇಜಿನ ಬಟ್ಟಲುಗಳನ್ನೇ ಈಗ ಜನ ಹೆಚ್ಚು ಕೇಳಿ ಕೊಳ್ಳುತ್ತಾರೆ.

ಸುಡುವ ದಿನದ ಕೆಲಸಗಳು ನನಗೆ ಬಹಳ ಪ್ರಿಯ. ಹಲಗೆಗಳನ್ನು ಕೆರೆದು, ಗ್ಲೇಜ್ ಅಂಟದಂತೆ ಅಲ್ಯುಮಿನಾ ಪುಡಿ ಮತ್ತು ಕೇಓಲಿನ್ ಎಂಬ ಬಿಳಿ ಜೇಡಿಮಣ್ಣು ಕಲಸಿದ ಲೇಪ ಬಳಿದು, ಪ್ರತಿ ಕಪ್ಪಿನ ತಳವನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಒಂದಕ್ಕೊಂದು ತಾಗದಂತೆ ಜೋಡಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಬಿಸ್ಕ್ ಸುಡುವಿಕೆಯಾದರೆ, ಅಂದರೆ ಗ್ಲೇಜ್ ಹಚ್ಚುವ ಮುನ್ನ ಹಸಿ ಪಾತ್ರೆಯನ್ನು ಸುಡುವುದಾದರೆ, ಇಡೀ ರಾತ್ರಿ ನೂರು ಡಿಗ್ರಿಯೊಳಗೇ ಇಟ್ಟು ತೇವ ಆರಿಸುತ್ತೇನೆ; ಮಣ್ಣಿನೊಳಗಿನ ಸ್ಫಟಿಕ ಹಿಗ್ಗುವ 573 ಡಿಗ್ರಿಯ ಹತ್ತಿರ ಅವಸರ ಮಾಡುವುದಿಲ್ಲ. ನನ್ನ ತಂದೆ ತೆಂಗಿನ ಗರಿ, ಭತ್ತದ ಹುಲ್ಲು ಒಟ್ಟಿ ಮಣ್ಣು ಮೆತ್ತಿದ ಆವಿಗೆಯ ಮುಂದೆ ಹೊಗೆಯ ಬಣ್ಣ ನೋಡುತ್ತ ಕುಳಿತಿರುತ್ತಿದ್ದರು. ನಾನು ಕಪ್ಪು ಕನ್ನಡಕ ಹಾಕಿ ಇಣುಕುಗಂಡಿಯಲ್ಲಿ ಕೋನ್ ಬಾಗುವುದನ್ನು ನೋಡುತ್ತೇನೆ. ಮರುದಿನ ಒಳಗಿನ ಶಾಖ ನೂರಕ್ಕಿಂತ ಕೆಳಗಿಳಿದ ಮೇಲೆಯೇ ಬಾಗಿಲು ತೆರೆಯುವುದು. ಅದಕ್ಕೆ ಮೊದಲು ತೆರೆದು ಒಮ್ಮೆ ಒಂದು ದೊಡ್ಡ ತಟ್ಟೆಯನ್ನು ಸೀಳಿಸಿಕೊಂಡಿದ್ದೇನೆ.

ಕೆಲವು ಕೊರತೆಗಳಿಗೆ ಪರಿಹಾರವಿಲ್ಲ. ಗ್ಲೇಜಿನಲ್ಲಿ ತಾಮ್ರದ ಕೆಂಪು, ಸೆಲಡಾನ್ ಎಂಬ ತಿಳಿ ಹಸಿರು ಬೇಕಾದರೆ ಆಮ್ಲಜನಕ ಕಡಿಮೆಯಿರುವ ಬೆಂಕಿ ಬೇಕು. ಅದನ್ನು ಇದರಲ್ಲಿ ಬಲವಂತವಾಗಿ ಮಾಡಹೋದರೆ ತಂತಿಯನ್ನು ಕಾಯುವ ಆಕ್ಸೈಡ್ ಪದರವೇ ಹಾಳಾಗುತ್ತದೆ. ಅಂಥ ಕೆಲಸ ಕೇಳಿ ಬರುವವರನ್ನು ಗ್ಯಾಸ್ ಭಟ್ಟಿಯಿರುವ ಗೆಳೆಯರ ಬಳಿಗೆ ಕಳಿಸುತ್ತೇನೆ. ಮಳೆಗಾಲದಲ್ಲಿ ಪಾತ್ರೆ ಒಣಗದೆ ಭಟ್ಟಿ ಸುಮ್ಮನಿದ್ದರೂ ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕ ಪ್ರತಿ ತಿಂಗಳೂ ಬರುತ್ತದೆ. ಸುಡುವಿಕೆಯ ನಡುವೆ ಕರೆಂಟು ಹೋದರೆ ಜನರೇಟರ್ ಇಡುವ ಬಜೆಟ್ ನನ್ನದಲ್ಲ. ಮತ್ತೆ ಬರುವವರೆಗೆ ಕಾಯುತ್ತೇನೆ.

ತಿಂಗಳಿಗೆ ಆರೇಳು ಬಾರಿ ಸುಡುವ, ಅಡುಗೆಮನೆಯ ಪಾತ್ರೆ ಮಾಡಿ ಬದುಕುವವರಿಗೆ ಈ ಭಟ್ಟಿಯನ್ನು ಧೈರ್ಯವಾಗಿ ಸೂಚಿಸುತ್ತೇನೆ, ಆದರೆ ಒಂದು ಷರತ್ತಿದೆ: ಭಟ್ಟಿಯ ಜೊತೆಗೇ ಇನ್ನೊಂದು ಜೊತೆ ತಂತಿಯನ್ನು ಕೊಂಡುಬಿಡಿ. ಈಗಿನ ತಂತಿಯಲ್ಲಿ ಕಳೆದ ವಾರದ ಸುಡುವಿಕೆಗೆ ಹನ್ನೊಂದು ಗಂಟೆ ಹಿಡಿಯಿತು. ಹೊಸ ಜೊತೆ ಕಾರ್ಯಾಗಾರದ ಅಟ್ಟದ ಮೇಲೆ ಕಾಗದ ಸುತ್ತಿಕೊಂಡು ಸಿದ್ಧವಾಗಿದೆ. ಬರುವ ಭಾನುವಾರ ಅದನ್ನು ಕೂರಿಸುತ್ತೇನೆ.