ಪಾಚಿ ಸಾಕೋದಕ್ಕೂ ದುಡ್ಡಾ? ಸ್ಕಿಮ್ಮರ್, ರೆಫ್ಯೂಜಿಯಂ, ಸ್ಕ್ರಬ್ಬರ್ ಮೂರನ್ನೂ ಇಟ್ಟು ನೋಡಿದೆ

ಚಿಕ್ಕಮಗಳೂರಿನಲ್ಲಿ ಮಳೆಗಾಲ ಅಂದರೆ ಪಾಚಿಯ ಜೊತೆ ಜಗಳ. ಅಂಗಳದ ಚಪ್ಪಡಿ, ಬಾವಿಕಟ್ಟೆ, ಹಿತ್ತಲ ಮೆಟ್ಟಿಲು, ಎಲ್ಲಿ ನೋಡಿದರೂ ಹಸಿರು. ಬ್ಲೀಚಿಂಗ್ ಪೌಡರ್ ಎರಚಿ, ಕಡ್ಡಿ ಪೊರಕೆಯಲ್ಲಿ ತಿಕ್ಕಿ ತಿಕ್ಕಿ ಸೊಂಟ ಹಿಡಿದುಹೋಗುತ್ತದೆ. ಅಂಥ ಊರಲ್ಲಿ ನಾನು ಮೀನಿನ ಟ್ಯಾಂಕಿನ ನೀರು ಶುದ್ಧವಾಗಲಿ ಅಂತ ಮನೆಯೊಳಗೆ ಲೈಟು, ಪಂಪು ಜೋಡಿಸಿ ಪಾಚಿ ಬೆಳೆಸಲು ಕೂತಾಗ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲ ಮಾರಾಯ, ಹಿತ್ತಲಲ್ಲಿ ಬಿಟ್ಟಿ ಬೆಳೆಯೋದಕ್ಕೆ ಒಳಗೆ ಕರೆಂಟ್ ಬಿಲ್ಲು ಕಟ್ಟಬೇಕಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಸಿಗಲು ನನಗೆ ಮೂರು ವರ್ಷ ಹಿಡಿಯಿತು.

ನನ್ನದು ಮೂರಡಿಯ ಉಪ್ಪುನೀರಿನ ಟ್ಯಾಂಕು, ಕೆಳಗೆ ಸ್ಟ್ಯಾಂಡಿನೊಳಗೆ ಎರಡಡಿ ಸಂಪು, ಅಂದರೆ ಮೇಲಿನ ನೀರು ಇಳಿದು ಬರುವ ತೊಟ್ಟಿ; ಅಲ್ಲಿಂದ ರಿಟರ್ನ್ ಪಂಪು ಅದನ್ನು ವಾಪಸ್ ಮೇಲೆತ್ತುತ್ತದೆ. ಕಲ್ಲು, ಮರಳಿನ ಜಾಗ ಕಳೆದರೆ ಎಲ್ಲ ಸೇರಿ ಸುಮಾರು 200 ಲೀಟರ್ ನೀರು. ಎರಡು ಕ್ಲೌನ್ ಮೀನು, ಒಂದು ಗೋಬಿ, ಒಂದು ಬ್ಲೆನ್ನಿ, ಎಲ್ಲರ ಮೇಲೂ ಜೋರು ಮಾಡುವ ಹಳದಿ ಬಾಲದ ಒಂದು ಡ್ಯಾಮ್ಸೆಲ್. ಹವಳದಲ್ಲಿ ಮೆತ್ತನೆಯ ಜಾತಿಗಳು ಮಾತ್ರ: ಜೋವಾಂಥಿಡ್, ಮಶ್ರೂಮ್, ಲೆದರ್. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಪಟ್ಟಿಯಲ್ಲೇ. ಅವುಗಳ ಗೋಜಿಗೆ ನಾನು ಹೋಗಿಲ್ಲ. ಈ ಮಾತು ಸುಮ್ನೆ ಹೇಳಿದ್ದಲ್ಲ, ಮುಂದೆ ಲೆಕ್ಕಕ್ಕೆ ಬರುತ್ತದೆ.

ತೊಂದರೆ ಎಲ್ಲರಿಗೂ ಇರುವುದೇ. ಮೀನಿಗೆ ಹಾಕಿದ ತಿಂಡಿ ಕೊನೆಗೆ ನೈಟ್ರೇಟ್, ಫಾಸ್ಫೇಟ್ ಆಗಿ ನೀರಿನಲ್ಲಿ ಉಳಿಯುತ್ತದೆ. ಆಮೇಲೆ ಕಲ್ಲಿನ ಮೇಲೆಲ್ಲ ಪಾಚಿ. ವಾರಕ್ಕೆ 20 ಲೀಟರ್ ನೀರು ಬದಲಿಸುತ್ತಿದ್ದೆ. ಆದರೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿದರೆ ಹೋಗುವುದೂ ಹತ್ತರಲ್ಲಿ ಒಂದು ಪಾಲು ನೈಟ್ರೇಟ್ ಮಾತ್ರ. 40 ಪಿಪಿಎಂ ಇದ್ದದ್ದು 36 ಆಗುತ್ತದೆ. ಮುಂದಿನ ಭಾನುವಾರದೊಳಗೆ ಡ್ಯಾಮ್ಸೆಲ್ ಮಹಾರಾಯ ಅದನ್ನು ಮತ್ತೆ 40 ಮಾಡಿರುತ್ತಾನೆ. 20 ಲೀಟರಿಗೆ ಮುಕ್ಕಾಲು ಕೆಜಿ ಉಪ್ಪು ಬೇಕು. ತಿಂಗಳಿಗೆ ಮೂರು ಕೆಜಿ. ಬೆಂಗಳೂರಿನಿಂದ ತರಿಸುವ, ಹವಳದ ಟ್ಯಾಂಕಿಗೆ ಅಂತಲೇ ಮಾರುವ ರೀಫ್ ಉಪ್ಪು ನನಗೆ ಕೆಜಿಗೆ ಸುಮಾರು 300 ರೂಪಾಯಿ ಬೀಳುತ್ತದೆ. ಅಂದರೆ ತಿಂಗಳಿಗೆ 900 ರೂಪಾಯಿ ಮೋರಿಗೆ. ಚಾರ್ಮಾಡಿ ಇಳಿದರೆ ಸಮುದ್ರವೇ ಇದೆಯಲ್ಲ ಅನ್ನುವವರಿದ್ದಾರೆ. ಮಳೆಗಾಲದಲ್ಲಿ ನೇತ್ರಾವತಿ ತುಂಬಿ ಹರಿದು ಸೇರುವ ಕಡೆ ಸಮುದ್ರದ ಉಪ್ಪೇ ಕಡಿಮೆಯಾಗಿರುತ್ತದೆ. ಜೊತೆಗೆ ಆ ಘಾಟಿಯಲ್ಲಿ ಕ್ಯಾನು ಹೇರಿಕೊಂಡು ಬರುವ ಡೀಸೆಲ್ ಖರ್ಚು ಯಾರು ಕೊಡುತ್ತಾರೆ?

ಮೊದಲು ತಂದದ್ದು ಸ್ಕಿಮ್ಮರ್. 2022ರಲ್ಲಿ, 11,500 ರೂಪಾಯಿ ಕೊಟ್ಟು. ಆಲೆಮನೆ ನೋಡಿದವರಿಗೆ ಇದರ ಕೆಲಸ ಹೇಳಿಕೊಡಬೇಕಿಲ್ಲ. ಕಬ್ಬಿನ ಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಆಚೆ ಹಾಕುತ್ತಾರೆ. ಇಲ್ಲಿ ಬೆಂಕಿಯ ಬದಲು ಸಣ್ಣ ಸಣ್ಣ ಗಾಳಿಗುಳ್ಳೆ. ಕೊಳೆ ಗುಳ್ಳೆಗೆ ಅಂಟಿಕೊಂಡು ಮೇಲಿನ ಬಟ್ಟಲಿಗೆ ಬಂದು ಬೀಳುತ್ತದೆ. ಕಡು ಕಷಾಯದ ಬಣ್ಣ, ವಾಸನೆ ಮಾತ್ರ ಹೇಳತೀರದು. ಬಟ್ಟಲು ತೊಳೆಯುವ ದಿನ ನಮ್ಮನೆಯವಳು ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಾಳೆ.

ಒಂದು ವರ್ಷ ಬರೀ ಸ್ಕಿಮ್ಮರ್ ನಂಬಿಕೊಂಡಿದ್ದೆ. ನೀರು ಗಾಜಿನ ಹಾಗೆ ತಿಳಿ. ಮೀನುಗಳು ಚುರುಕು, ಯಾಕೆಂದರೆ ಅಷ್ಟೊಂದು ಗಾಳಿ ನೀರಿಗೆ ಸೇರುತ್ತದೆ. ಆದರೆ ನೈಟ್ರೇಟ್ 30ರಿಂದ ಕೆಳಗೆ ಇಳಿಯಲಿಲ್ಲ. ಸ್ಕಿಮ್ಮರ್ ತೆಗೆಯುವುದು ಕೊಳೆಯುವ ಮುಂಚಿನ ಕೊಳೆಯನ್ನು. ಒಮ್ಮೆ ನೈಟ್ರೇಟ್ ಆಗಿಬಿಟ್ಟರೆ ಅದು ಗುಳ್ಳೆಗೆ ಅಂಟುವುದಿಲ್ಲ. ಇದು ನನಗೆ ದುಡ್ಡು ಕೊಟ್ಟ ಮೇಲೆ ಗೊತ್ತಾಯಿತು.

ಇನ್ನೊಂದು ಗೋಳು ನಮ್ಮ ಊರಿಗೇ ಸೇರಿದ್ದು. ಜುಲೈನ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು, ಇನ್ವರ್ಟರೂ ಮಲಗಿತು. ಟ್ಯಾಂಕಿನ ಮೇಲಿನ ನೀರು ಇಳಿದು ಸಂಪು ತುಂಬಿಕೊಂಡಿತು. ಬೆಳಗಿನ ಜಾವ ಕರೆಂಟು ಬಂದಾಗ ಸ್ಕಿಮ್ಮರ್ ಆ ಎತ್ತರದ ನೀರಿನಲ್ಲೇ ಶುರುವಾಗಿ ಬಟ್ಟಲು ಉಕ್ಕಿತು. ವಾರದ ಕಷಾಯವೆಲ್ಲ ವಾಪಸ್ ಸಂಪಿಗೆ, ಮಿಕ್ಕಿದ್ದು ನೆಲಕ್ಕೆ. ಇದಕ್ಕೆ ಆಮೇಲೆ ಒಂದು ಉಪಾಯ ಸಿಕ್ಕಿತು. ಹಳೆ ಫ್ರಿಜ್ಜಿನ ಸ್ಟೆಬಿಲೈಸರ್ ಅಟ್ಟದ ಮೇಲೆ ಬಿದ್ದಿತ್ತು. ಅದು ಕರೆಂಟು ಬಂದ ಮೂರು ನಿಮಿಷ ಆದಮೇಲೆ ಲೈನ್ ಕೊಡುತ್ತದೆ. ಸ್ಕಿಮ್ಮರನ್ನು ಅದಕ್ಕೆ ಚುಚ್ಚಿದೆ. ಅಷ್ಟರಲ್ಲಿ ರಿಟರ್ನ್ ಪಂಪು ನೀರನ್ನು ಮೇಲೆತ್ತಿ ಸಂಪಿನ ಮಟ್ಟ ಸರಿ ಮಾಡಿರುತ್ತದೆ. ಮತ್ತೆ ಉಕ್ಕಿಲ್ಲ.

ಎರಡನೆಯದು ರೆಫ್ಯೂಜಿಯಂ. ಹೆಸರು ದೊಡ್ಡದು, ಕೆಲಸ ಸರಳ. ಸಂಪಿನ ಒಂದು ಕೋಣೆಯಲ್ಲಿ ಕೀಟೋ ಅನ್ನುವ ಸಮುದ್ರ ಪಾಚಿಯ ಉಂಡೆ ಹಾಕಿ, ಮೇಲೊಂದು ಲೈಟು. ಪಾಚಿ ಬೆಳೆಯುತ್ತಾ ನೈಟ್ರೇಟ್, ಫಾಸ್ಫೇಟ್ ತಿನ್ನುತ್ತದೆ, ಜಾಸ್ತಿ ಆದದ್ದನ್ನು ಕಿತ್ತು ಬಿಸಾಕುವುದು. ಪಾಚಿ, ಲೈಟು ಸೇರಿ 1,200 ರೂಪಾಯಿ. ಬೇರೆ ಪಂಪು ಬೇಡ. ಲೈಟನ್ನು ರಾತ್ರಿ ಹೊತ್ತು ಉರಿಸಿದರೆ ಬೆಳಗಿನ ಜಾವ ಪಿಎಚ್ ಬೀಳುವುದೂ ತಪ್ಪುತ್ತದೆ. ಮಳೆಗಾಲದಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ, ನಾವೆಲ್ಲ ಒಳಗೇ ಉಸಿರಾಡಿಕೊಂಡು ಕೂತಿರುತ್ತೇವೆ ಅಲ್ವಾ, ಆ ಇಂಗಾಲದ ಡೈಆಕ್ಸೈಡ್ ಟ್ಯಾಂಕಿಗೂ ಇಳಿಯುತ್ತದೆ. ಬೆಳಿಗ್ಗೆ 7.8 ತೋರಿಸುತ್ತಿದ್ದದ್ದು ಕೀಟೋ ಬಂದ ಮೇಲೆ 8ರ ಆಚೆ ನಿಂತಿತು.

ಮೊದಲ ಮೂರು ತಿಂಗಳು ಚೆನ್ನಾಗಿತ್ತು. ನೈಟ್ರೇಟ್ 15ಕ್ಕೆ ಬಂತು. ನೀರು ಬದಲಿಸುವುದನ್ನು ತಿಂಗಳಿಗೆ ಎರಡಕ್ಕೆ ಇಳಿಸಿದೆ. ಆಮೇಲೆ ಉಂಡೆಯ ಒಳಗೆ ಕಸ ಸೇರಿಕೊಂಡಿತು, ಮೇಲೆ ಬೇರೆ ಪಾಚಿ ಹತ್ತಿಕೊಂಡಿತು. ಐದನೇ ತಿಂಗಳಿಗೆ ಅದು ಬಿಳಚಿಕೊಂಡು ಪುಡಿಪುಡಿಯಾಗಿ ರಿಟರ್ನ್ ಪಂಪಿನ ಬಾಯಿಗೆ ಸಿಕ್ಕಿತು. ತಪ್ಪು ಕೀಟೋದ್ದಲ್ಲ. ನನ್ನ ಸಂಪಿನಲ್ಲಿ ಅದಕ್ಕೆ ಬಿಟ್ಟ ಜಾಗ ಒಂದು ಬಕೆಟ್ಟಿನಷ್ಟು, ಅದರಲ್ಲಿ ಉರುಳಾಡಲು ನೀರಿನ ಓಟವೇ ಇರಲಿಲ್ಲ. ಮೂರಡಿ ಸಂಪು ಇರುವವರು ಇಲ್ಲಿಗೇ ಓದುವುದು ನಿಲ್ಲಿಸಿ ರೆಫ್ಯೂಜಿಯಂ ಮಾಡಿಕೊಳ್ಳಿ. ನಿಜವಾಗಿ.

ಫಾಸ್ಫೇಟ್ ಹೀರುವ ಕಬ್ಬಿಣದ ಹರಳು, ಅದೇ ಜಿಎಫ್ಒ, ಅದನ್ನೂ ಎರಡು ತಿಂಗಳು ಹಾಕಿದ್ದೆ. ಫಾಸ್ಫೇಟ್ ಇಳಿಯುತ್ತದೆ, ನೈಟ್ರೇಟ್ ಅಲ್ಲೇ ಇರುತ್ತದೆ, ಹರಳು ಪದೇಪದೇ ಕೊಳ್ಳಬೇಕು. ಬಿಟ್ಟೆ.

2024ರ ಜನವರಿಯಲ್ಲಿ ಸ್ಕ್ರಬ್ಬರ್. ಇದರ ಮೂಲ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಅವರದ್ದು. ಹವಳದ ದಿಬ್ಬಗಳ ಮೇಲೆ ಅಲೆ ಬಡಿಯುವ ಕಡೆ ಚಾಪೆಯ ಹಾಗೆ ಬೆಳೆಯುವ ಪಾಚಿಯನ್ನು ನೋಡಿ, ಅದನ್ನೇ ಟ್ಯಾಂಕಿನ ಪಕ್ಕ ಬೆಳೆಸಿದರು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ದೊಡ್ಡ ರೀಫ್ ಅಕ್ವೇರಿಯಂ ಕೂಡ ಇದನ್ನೇ ನಂಬಿಕೊಂಡು ಶುರುವಾಯಿತು. ಅವರದ್ದು ದೊಡ್ಡ ತಟ್ಟೆಗಳು. ನಮ್ಮಂಥವರು ಈಗ ಮಾಡುವುದು ಸಣ್ಣ ಜಲಪಾತ: ಸೀಳಿದ ಪೈಪಿನಿಂದ ಒಂದು ಬಲೆಯ ಮೇಲೆ ನೀರು ತೆಳ್ಳಗೆ ಇಳಿಯಬೇಕು, ಎರಡೂ ಕಡೆ ಬೆಳಕು ಬೀಳಬೇಕು.

ಅಳತೆಗೆ ಟ್ಯಾಂಕಿನ ಗಾತ್ರ ಮುಖ್ಯ ಅಲ್ಲ, ಮೀನಿಗೆ ಹಾಕುವ ತಿಂಡಿ ಮುಖ್ಯ. ದಿನಕ್ಕೆ ಫ್ರೋಜನ್ ತಿಂಡಿಯ ಒಂದು ಕ್ಯೂಬಿಗೆ 12 ಚದರ ಇಂಚು ಬಲೆ ಅನ್ನುವುದು ರೂಢಿಯ ಲೆಕ್ಕ. ನಾನು ಐದಿಂಚು ಅಗಲ, ಐದಿಂಚು ಉದ್ದ ಇಟ್ಟೆ. ಅಗಲದ ಪ್ರತಿ ಇಂಚಿಗೆ ಗಂಟೆಗೆ ಸುಮಾರು 130 ಲೀಟರ್ ನೀರು ಬೇಕು. ಅದಕ್ಕೊಂದು ಸಣ್ಣ ಪಂಪು. ಬಲೆ ಸಿಕ್ಕಿದ್ದು ಫ್ಯಾನ್ಸಿ ಸ್ಟೋರಿನಲ್ಲಿ, ಉಲ್ಲನ್ನಿನ ತೋರಣ ಹೆಣೆಯಲು ಮಾರುತ್ತಾರಲ್ಲ, ಆ ಪ್ಲಾಸ್ಟಿಕ್ ಕ್ಯಾನ್ವಾಸ್. ಅದನ್ನು ಹ್ಯಾಕ್ಸಾ ಬ್ಲೇಡಿನಿಂದ ಮೈಯೆಲ್ಲ ಮುಳ್ಳೇಳುವ ಹಾಗೆ ಗೀರಬೇಕು, ಇಲ್ಲದಿದ್ದರೆ ಪಾಚಿಗೆ ಹಿಡಿತ ಸಿಗುವುದಿಲ್ಲ. ಪಂಪು 900, ಕೆಂಪು ಗ್ರೋ ಲೈಟು ಎರಡು 1,100, ಅಕ್ರಿಲಿಕ್ ಡಬ್ಬಿ 600, ಟೈಮರ್ 350, ಪೈಪು, ಬಲೆ 250. ಒಟ್ಟು 3,200 ರೂಪಾಯಿ.

ಎರಡು ವಾರ ಬರೀ ಕಂದು ಲೋಳೆ. ಮೋಸ ಹೋದೆ ಅಂದುಕೊಂಡೆ. ನಾಲ್ಕನೇ ವಾರಕ್ಕೆ ಹಸಿರು ಎಳೆಗಳು. ಅಲ್ಲಿಂದ ಪ್ರತಿ ಭಾನುವಾರ ಕೆರೆಯುವ ಕೆಲಸ. ಬಲೆಯನ್ನು ಪೈಪಿನ ಸಮೇತ ಕಳಚಿ ಸಿಂಕಿಗೆ ಒಯ್ಯುತ್ತೇನೆ. ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಮೇಲಿಂದ ಕೆಳಗೆ ಎಳೆದರೆ ಪಾಚಿ ಒದ್ದೆ ಕೂದಲಿನ ಹಾಗೆ ಜೊಂಪೆಯಾಗಿ ಬರುತ್ತದೆ. ಕೊಳೆತ ವಾಸನೆ ಇಲ್ಲ, ಹಸಿ ಸಮುದ್ರದ ವಾಸನೆ. ಬುಡ ಸ್ವಲ್ಪ ಉಳಿಸಬೇಕು, ಮುಂದಿನ ವಾರದ ಬೀಜ ಅದೇ. ಹಿಂಡಿ ಉಂಡೆ ಮಾಡಿ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ 80, 90 ಗ್ರಾಂ. ಮೊದಲ ಉಂಡೆಯನ್ನು ಅಮ್ಮ ಗೊಬ್ಬರ ಅಂತ ಗುಲಾಬಿ ಕುಂಡಕ್ಕೆ ಹಾಕಿಬಿಟ್ಟರು. ಉಪ್ಪಿಗೆ ಗಿಡದ ಎಲೆ ಸುಟ್ಟುಹೋಯಿತು. ಈಗ ಸಿಹಿನೀರಿನಲ್ಲಿ ಎರಡು ಸಲ ತೊಳೆದು, ಕಾಂಪೋಸ್ಟ್ ಗುಂಡಿಗೆ.

ಆರನೇ ವಾರಕ್ಕೆ ನೈಟ್ರೇಟ್ 20. ಮೂರು ತಿಂಗಳಿಗೆ 5. ಕಲ್ಲಿನ ಮೇಲಿನ ಪಾಚಿ ಬಣ್ಣ ಕಳೆದುಕೊಂಡು ಉದುರಿತು, ಅದರ ಊಟ ಪಕ್ಕದ ಮನೆಯವರು ಉಂಡಿದ್ದರು. ಐದನೇ ತಿಂಗಳಿಗೆ ಟೆಸ್ಟ್ ಕಿಟ್ಟಿನಲ್ಲಿ ಬಣ್ಣವೇ ಬರಲಿಲ್ಲ. ಖುಷಿಪಟ್ಟೆ. ವಾರ ಕಳೆಯುವಷ್ಟರಲ್ಲಿ ಜೋವಾಂಥಿಡ್ ಬಾಯಿ ಮುಚ್ಚಿಕೊಂಡವು, ಲೆದರ್ ಬಿಳಚಿತು. ಮೆತ್ತನೆ ಹವಳಕ್ಕೆ ಸ್ವಲ್ಪ ಕೊಳಕು ನೀರೇ ಇಷ್ಟ. ಸ್ಕ್ರಬ್ಬರ್ ಅವುಗಳ ಅನ್ನವನ್ನೂ ಕಿತ್ತುಕೊಂಡಿತ್ತು. ಲೈಟನ್ನು 16 ಗಂಟೆಯಿಂದ 10 ಗಂಟೆಗೆ ಇಳಿಸಿದೆ. ನೈಟ್ರೇಟ್ ಈಗ 5ರಿಂದ 10ರ ಮಧ್ಯೆ ನಿಂತಿದೆ.

ಅನಾಹುತವೂ ಆಗಿದೆ. ಮಾರ್ಚಿನಲ್ಲಿ ಹಾಸನಕ್ಕೆ ಮದುವೆಗೆ ಹೋಗಿ ಎರಡು ದಿನ ಉಳಿದೆವು. ಸ್ಕ್ರಬ್ಬರ್ ಪಂಪಿಗೆ ಸಣ್ಣ ಬಸವನಹುಳ ಸಿಕ್ಕಿಕೊಂಡಿತ್ತು. ನೀರು ನಿಂತರೂ ಟೈಮರ್ ಲೈಟು ಉರಿಸಿದೆ. ಬಂದು ನೋಡಿದರೆ ಬಲೆಯ ಮೇಲೆ ಹಪ್ಪಳದಂತೆ ಒಣಗಿದ ಪಾಚಿ. ನಾನು ದಡ್ಡ, ಅದನ್ನು ಕೆರೆಯದೆ ಪಂಪು ಹಚ್ಚಿಬಿಟ್ಟೆ. ಸತ್ತದ್ದೆಲ್ಲ ತೊಳೆದು ಟ್ಯಾಂಕಿಗೆ ಹೋಯಿತು. ನೀರು ತಿಳಿ ಚಹಾ ಬಣ್ಣ. ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ ನಾಲ್ಕು ದಿನ ಕಾದೆ. ಈಗ ಪಂಪಿನ ಬಾಯಿಗೆ ಸ್ಪಂಜು ಇದೆ. ವಿಚಿತ್ರ ಅಂದರೆ ಜುಲೈ, ಆಗಸ್ಟಿನಲ್ಲಿ ಐದಾರು ಗಂಟೆ ಕರೆಂಟು ಹೋದರೂ ಬಲೆಗೆ ಏನೂ ಆಗುವುದಿಲ್ಲ. ನಮ್ಮ ಬಟ್ಟೆಯೇ ಮೂರು ದಿನ ಒಣಗದ ಹವೆ, ಪಾಚಿ ಎಲ್ಲಿ ಒಣಗೀತು?

ಜಲಪಾತ ಅಂದ ಮೇಲೆ ನೀರು ಆವಿಯಾಗುವುದೂ ಜಾಸ್ತಿ. ಏಪ್ರಿಲ್‌ನಲ್ಲಿ ಇದು ವರ, ಟ್ಯಾಂಕು ತಣ್ಣಗಿರುತ್ತದೆ. ಡಿಸೆಂಬರಿನ ಚಳಿಯಲ್ಲಿ ಅದೇ ತಣ್ಣಗಾಗುವಿಕೆಗೆ ಹೀಟರ್ ಜಾಸ್ತಿ ಓಡುತ್ತದೆ. ದಿನಾ ಎರಡು ಲೀಟರ್ ಆರ್‌ಓ ನೀರು ಮೇಲಿಂದ ಹಾಕಬೇಕು.

ಇನ್ನು ಅಮ್ಮನ ಪ್ರಶ್ನೆ, ಕರೆಂಟು. 16 ಗಂಟೆ ಲೈಟು ಉರಿಸುತ್ತಿದ್ದಾಗ ಸ್ಕ್ರಬ್ಬರ್ ತಿಂಗಳಿಗೆ 22 ಯೂನಿಟ್ ತಿನ್ನುತ್ತಿತ್ತು. ಸ್ಕಿಮ್ಮರ್ ಒಂಬತ್ತು, ರೆಫ್ಯೂಜಿಯಂ ಬರೀ ನಾಲ್ಕು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಸ್ಕ್ರಬ್ಬರಿಗೆ ಸುಮಾರು 135. ಆದರೆ ಮನೆಯ ಬಳಕೆ 200 ಯೂನಿಟ್ ದಾಟಿದ ತಿಂಗಳು ಗೃಹಜ್ಯೋತಿಯೇ ಕೈತಪ್ಪುತ್ತದೆ. ಹೀಟರ್ ಸೇರಿ ಒಂದು ಡಿಸೆಂಬರ್ ಹಾಗೇ ಆಯಿತು. ಆ ತಿಂಗಳ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಉಳಿತಾಯ ಎಲ್ಲಿ ಅಂದರೆ ಉಪ್ಪಿನಲ್ಲಿ. ನೀರು ಬದಲಿಸುವುದು ಈಗ ತಿಂಗಳಿಗೆ ಒಂದೇ ಸಲ. ಎರಡೂಕಾಲು ಕೆಜಿ ಉಪ್ಪು, ಅಂದರೆ 675 ರೂಪಾಯಿ ಉಳಿಯುತ್ತದೆ. ಕರೆಂಟಿನ 135 ಕಳೆದರೆ 540. ಹಾಕಿದ 3,200 ಆರು ತಿಂಗಳಲ್ಲಿ ವಾಪಸ್. ಹಾಸನದ ಗೆಳೆಯರೊಬ್ಬರು ರೆಡಿಮೇಡ್ ಸ್ಕ್ರಬ್ಬರ್ ತರಿಸಿದ್ದಾರೆ, 22,000 ರೂಪಾಯಿ. ನೋಡಲು ಅಂದ, ಸದ್ದಿಲ್ಲ, ನೀರು ಸಿಡಿಯುವುದಿಲ್ಲ. ನನ್ನದು ಸ್ನಾನದಮನೆ ನಲ್ಲಿ ಬಿಟ್ಟ ಹಾಗೆ ಸದ್ದು ಮಾಡುತ್ತದೆ, ಲೈಟಿನ ಮೇಲೆ ಉಪ್ಪು ಕಟ್ಟಿ ತಿಂಗಳಿಗೊಮ್ಮೆ ಒರೆಸಬೇಕು. ಆದರೆ ಅವರ ಬಲೆಯಲ್ಲೂ ಅದೇ ಪಾಚಿ. ನನ್ನ ಲೆಕ್ಕದಲ್ಲಿ ಅವರ ದುಡ್ಡು ಹುಟ್ಟಲು ಮೂರು ವರ್ಷದ ಮೇಲೆ ಬೇಕು. ಅಷ್ಟು ಕೊಟ್ಟು ಕೊಳ್ಳಬೇಡಿ ಅಂತಲೇ ಹೇಳುತ್ತೇನೆ, ಅವರ ಎದುರೂ ಹೇಳಿದ್ದೇನೆ.

ಸ್ಕಿಮ್ಮರನ್ನು ಮಾರಲು ಹೊರಟವನು ಕೊನೆಗೆ ಬೇಡ ಅಂತ ಸುಮ್ಮನಾದೆ. ಗಾಳಿಗೋಸ್ಕರ ಅದು ಇರಲಿ. ಎರಡೂ ಒಟ್ಟಿಗೆ ಓಡುತ್ತಿವೆ, ಕಷಾಯ ಮಾತ್ರ ಮೊದಲಿಗಿಂತ ತೆಳುವಾಗಿದೆ. ಪೈಪಿನ ಸೀಳಿನೊಳಗೇ ಪಾಚಿ ಬೆಳೆದು ನೀರು ಒಂದು ಕಡೆಗೆ ವಾಲುತ್ತಿದೆ. ಈ ಭಾನುವಾರ ಅದನ್ನು ಬಿಚ್ಚಿ, ಹಲ್ಲುಜ್ಜುವ ಹಳೆ ಬ್ರಶ್ಶಿನಲ್ಲಿ ತಿಕ್ಕಬೇಕು. ಆಮೇಲೆ ಅಂಗಳದ ಚಪ್ಪಡಿ ಬಾಕಿ ಇದೆ.