ಅಪಘಾತಕ್ಕೊಂದು, ಅಕ್ಕನಿಗೊಂದು: ಮೂರು ವರ್ಷ ಥೆರಪಿ ತಗೊಂಡವಳ ವಿಮರ್ಶೆ

ನಾನು ಮನಶ್ಶಾಸ್ತ್ರ ಓದಿದವಳಲ್ಲ. ದುಡ್ಡು ಕೊಟ್ಟು ಥೆರಪಿ ತಗೊಂಡವಳು, ಅಷ್ಟೇ. ಶುರು ಮಾಡಿ ಮೂರು ವರ್ಷದ ಮೇಲಾಯಿತು. ಈ ಮಧ್ಯೆ ಮೂರು ಥರದ್ದು ನೋಡಿದ್ದೇನೆ. ಮೊದಲು ಒಂದು ಆ್ಯಪಿನ ಆನ್‌ಲೈನ್ ಕೌನ್ಸೆಲಿಂಗ್, ಆಮೇಲೆ ಇಎಂಡಿಆರ್ (ಕಣ್ಣು ಆಚೆ ಈಚೆ ಆಡಿಸುತ್ತಾ ಆಘಾತದ ನೆನಪನ್ನು ಎದುರಿಸುವ ಪದ್ಧತಿ), ಕೊನೆಗೆ ದುಃಖಕ್ಕೆಂದೇ ಇರುವ ಥೆರಪಿ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. "ಥೆರಪಿಗೆ ಹೋಗಿ, ಸರಿಹೋಗುತ್ತೆ" ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವ ಥೆರಪಿ, ಯಾವುದಕ್ಕೆ ಎಂದು ಹೇಳುವವರು ಕಡಿಮೆ.

ನಡೆದದ್ದು ಇಷ್ಟು. ಮೈಸೂರಿನ ರಿಂಗ್ ರಸ್ತೆಯಲ್ಲಿ ಅಕ್ಕ, ನಾನು ಸ್ಕೂಟರಿನಲ್ಲಿ ಹೋಗುತ್ತಿದ್ದೆವು. ಓಡಿಸುತ್ತಿದ್ದವಳು ನಾನು. ಹಿಂದಿನಿಂದ ಟೆಂಪೋ ಗುದ್ದಿತು. ನನಗೆ ಭುಜದ ಮೂಳೆ ಮುರಿಯಿತು. ಅಕ್ಕ ಆಸ್ಪತ್ರೆ ಸೇರುವ ಮುಂಚೆಯೇ ಹೋಗಿಬಿಟ್ಟಳು. ಅವಳ ಚೀಲದಿಂದ ಬಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ರಸ್ತೆ ಮೇಲೆ ಗಿರಗಿರ ತಿರುಗಿ ತಿರುಗಿ ನಿಂತಿತು. ಆ ಸದ್ದು ನೆನಪಿರುವಷ್ಟು ಚೆನ್ನಾಗಿ ಆ ದಿನದ ಬೇರೇನೂ ನೆನಪಿಲ್ಲ.

ಆಮೇಲೆ ನನಗೆ ಎರಡು ಥರದ ತೊಂದರೆ ಇತ್ತು. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಮೈಯೆಲ್ಲ ನಡುಗುವುದು, ಹಾರ್ನ್ ಕೇಳಿದರೆ ಉಸಿರು ಕಟ್ಟುವುದು, ರಿಂಗ್ ರಸ್ತೆ ತಪ್ಪಿಸಲು ಊರೆಲ್ಲ ಸುತ್ತಿ ಆಫೀಸಿಗೆ ಹೋಗುವುದು, ಬೆಳಗಿನ ಜಾವ ಬೆವರಿ ಏಳುವುದು, ಇದು ಒಂದು. ಸಂಜೆ ಕೆಲಸ ಮುಗಿಸಿ ಅಕ್ಕನಿಗೆ ಫೋನ್ ಮಾಡಲು ಕೈ ಹೋಗುವುದು, ಅವಳಿಲ್ಲದ ಮನೆಗೆ ಹಬ್ಬ ಯಾಕೆ ಬರಬೇಕು ಅನಿಸುವುದು, ಇದು ಇನ್ನೊಂದು. ಬಂದವರೆಲ್ಲ "ಭಾವ ಹೇಗಿದ್ದಾರೆ, ಮಕ್ಕಳು ಹೇಗಿವೆ" ಎಂದು ಕೇಳುತ್ತಿದ್ದರು. ಕೇಳಲೇಬೇಕು, ಸರಿ. ಆದರೆ ತಂಗಿಯನ್ನು ಕೇಳುವವರು ಯಾರೂ ಇರಲಿಲ್ಲ.

ಆ್ಯಪಿನ ಕಥೆ ಬೇಗ ಮುಗಿಸುತ್ತೇನೆ. ಹೆಸರು ಬೇಡ. ಒಂದು ಸೆಶನ್‌ಗೆ 1,200 ರೂಪಾಯಿ. ಕನ್ನಡ ಬರುತ್ತದೆ ಎಂದು ಹಾಕಿದ್ದ ಕೌನ್ಸೆಲರ್‌ಗೆ "ಊಟ ಆಯ್ತಾ" ಮಟ್ಟದ ಕನ್ನಡ ಬರುತ್ತಿತ್ತು. ಸ್ವಲ್ಪ ದಿನಕ್ಕೆ ಅವರು ಬಿಟ್ಟು ಹೋದರು, ಇನ್ನೊಬ್ಬರು ಬಂದರು. ಅವರೂ ಹೋದರು. ಪ್ರತಿ ಸಲವೂ ಅಪಘಾತದ ಕಥೆ ಮೊದಲಿಂದ ಹೇಳಬೇಕು, ರಾತ್ರಿಯೆಲ್ಲ ಅನುಭವಿಸಬೇಕು. ಕೊನೆಯವರು ದುಃಖದ ಐದು ಹಂತಗಳ ಚಿತ್ರ ತೋರಿಸಿ, "ನೀವೀಗ ಕೋಪದ ಹಂತದಲ್ಲಿದ್ದೀರಿ, ಮುಂದಿನದು ಚೌಕಾಸಿ" ಎಂದರು. ಆ ಐದು ಹಂತಗಳನ್ನು 1969ರಲ್ಲಿ ಹೇಳಿದ್ದು ಎಲಿಜಬೆತ್ ಕ್ಯೂಬ್ಲರ್-ರಾಸ್. ಅವರು ಅದನ್ನು ಕಂಡಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ, ಹಿಂದೆ ಉಳಿದವರ ಜೊತೆಯಲ್ಲ. ದುಃಖ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದೂ ಇಲ್ಲ. ನನಗೆ ಕೋಪ ಇದ್ದದ್ದು ನಿಜ, ಆದರೆ ಅದು ಟೆಂಪೋದವನ ಮೇಲೆ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದೆ.

ದಾರಿ ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಂದ. ಹತ್ತು ರೂಪಾಯಿ ಚೀಟಿ ಮಾಡಿಸಿ, ಬೆಂಚಿನ ಮೇಲೆ ಗಂಟೆಗಟ್ಟಲೆ ಕಾದು, ಒಳಗೆ ಸಿಕ್ಕಿದ್ದು ಐದೋ ಹತ್ತೋ ನಿಮಿಷ. ಅಷ್ಟರಲ್ಲೇ ಅವರು ವಿಷಯ ಬಿಡಿಸಿ ಹೇಳಿದರು: "ನೋಡಮ್ಮ, ನಿನಗೆ ಎರಡಿದೆ. ಭಯ ಬೇರೆ, ದುಃಖ ಬೇರೆ. ಭಯ ಇಟ್ಟುಕೊಂಡು ದುಃಖ ಪಡೋಕೂ ಆಗಲ್ಲ. ಮೊದಲು ಅದನ್ನು ನೋಡಿಸ್ಕೋ." ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹೆಸರು ಬರೆದುಕೊಟ್ಟರು. ಖಾಸಗಿ ಕ್ಲಿನಿಕ್, 90 ನಿಮಿಷದ ಸೆಶನ್‌ಗೆ 1,800 ರೂಪಾಯಿ. ಮೊದಲ ಫೋನಿನಲ್ಲೇ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಎಂದು ಕೇಳಿದೆ. ಮೇಡಂ ಬೇಜಾರು ಮಾಡಿಕೊಳ್ಳದೆ ನಂಬರ್ ಹೇಳಿದರು. ಬೇಜಾರು ಮಾಡಿಕೊಳ್ಳುವವರ ಹತ್ತಿರ ಹೋಗಬೇಡಿ.

ಮೇಡಂ ನನ್ನ ಮುಂದೆ ಮೂರು ದಾರಿ ಇಟ್ಟರು. ಒಂದು, ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್. ನಡೆದದ್ದನ್ನು ಕಣ್ಣು ಮುಚ್ಚಿ, ಈಗ ನಡೆಯುತ್ತಿರುವ ಹಾಗೆ ಹೇಳಬೇಕು, ಅದರ ರೆಕಾರ್ಡಿಂಗ್ ಮನೆಯಲ್ಲಿ ದಿನಾ ಕೇಳಬೇಕು. ನನ್ನಿಂದ ಆಗಲ್ಲ ಎಂದೆ. ಎರಡನೆಯದು ಪೆಟ್ರೀಶಿಯಾ ರೆಸಿಕ್ ಅವರ ಸಿಪಿಟಿ, ಅಂದರೆ ನಡೆದದ್ದರ ಬಗ್ಗೆ ಮನಸ್ಸಿನಲ್ಲಿ ಕೂತ ನಂಬಿಕೆ ಸರಿಯೋ ತಪ್ಪೋ ಎಂದು ಬರೆದು ಪರೀಕ್ಷಿಸುವುದು. ಸಾಮಾನ್ಯವಾಗಿ 12 ಸೆಶನ್, ಬರೆಯುವ ಕೆಲಸ ಜಾಸ್ತಿ. ಮೂರನೆಯದು ಇಎಂಡಿಆರ್. ಅಪಘಾತವನ್ನು ಪೂರ್ತಿ ಬಾಯಿಬಿಟ್ಟು ಹೇಳಬೇಕಾಗಿಲ್ಲ ಎಂದಿದ್ದಕ್ಕೇ ಅದನ್ನು ಆರಿಸಿಕೊಂಡೆ.

ಇಎಂಡಿಆರ್ ಬಗ್ಗೆ ಕೇಳಿದಾಗ ಯಾರಿಗಾದರೂ ನಗು ಬರುತ್ತದೆ. ಥೆರಪಿಸ್ಟ್ ಮುಖದ ಮುಂದೆ ಎರಡು ಬೆರಳು ಆಚೆ ಈಚೆ ಆಡಿಸುತ್ತಾರೆ, ನೀವು ಕಣ್ಣಲ್ಲಿ ಹಿಂಬಾಲಿಸುತ್ತೀರಿ. ಫ್ರಾನ್ಸಿನ್ ಶಪಿರೋ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಗೆ 1987ರಲ್ಲಿ ಪಾರ್ಕಿನಲ್ಲಿ ನಡೆಯುವಾಗ ಇದು ಹೊಳೆಯಿತಂತೆ. ಕಣ್ಣು ಆಡಿಸುವುದೇ ಕೆಲಸ ಮಾಡುತ್ತದೋ, ಭದ್ರವಾದ ಜಾಗದಲ್ಲಿ ಕೂತು ಆ ನೆನಪನ್ನು ಎದುರಿಸುವುದೇ ಕೆಲಸ ಮಾಡುತ್ತದೋ ಎಂದು ತಜ್ಞರು ಇವತ್ತಿಗೂ ಜಗಳ ಆಡುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಮಾರ್ಗಸೂಚಿಯಲ್ಲಿ ಆಘಾತಕ್ಕೆ ಶಿಫಾರಸು ಮಾಡಿದ ಪದ್ಧತಿಗಳಲ್ಲಿ ಇದೂ ಇದೆ. ನನಗೆ ಅಷ್ಟು ಸಾಕಿತ್ತು.

ಮೊದಲ ಕೆಲವು ವಾರ ಅಪಘಾತದ ಮಾತೇ ಇಲ್ಲ. ಮನಸ್ಸಿಗೆ ಹಿತವಾದ ಒಂದು ಜಾಗ ಕಟ್ಟಿಕೊಳ್ಳಿ ಎಂದರು. ನಾನು ಮೇಲುಕೋಟೆ ಕಲ್ಯಾಣಿಯ ಮೆಟ್ಟಿಲು ಆರಿಸಿಕೊಂಡೆ. ತಲೆ ಕೆಟ್ಟಾಗ ಅಲ್ಲಿಗೆ ವಾಪಸ್ ಬರುವುದನ್ನು ರೂಢಿ ಮಾಡಿಸಿದರು. ಆಗ ನನಗೆ ಇದು ಸುಮ್ನೆ ಟೈಂಪಾಸ್ ಅನಿಸಿತ್ತು. ಮುಂದೆ ಬೇಕಾಗುವುದೇ ಇದು. ಈ ತಯಾರಿ ಮಾಡಿಸದೆ ಮೊದಲ ದಿನವೇ ಬೆರಳು ಆಡಿಸುವವರಿದ್ದರೆ ಎದ್ದು ಬನ್ನಿ.

ಆಮೇಲೆ ಅಸಲಿ ಕೆಲಸ. ಎಲ್ಲಕ್ಕಿಂತ ಕೆಟ್ಟ ದೃಶ್ಯ ಯಾವುದು? ಮುಚ್ಚಳ. ಅದನ್ನು ನೋಡಿದಾಗ ನಿಮ್ಮ ಬಗ್ಗೆ ನಿಮಗೇನು ಅನಿಸುತ್ತದೆ? "ನನ್ನಿಂದಲೇ ಹೋದಳು." ಅದರ ಬದಲು ಏನು ಅನಿಸಿದರೆ ಚೆನ್ನ? ತುಂಬ ಹೊತ್ತು ಯೋಚಿಸಿ, "ನಾನು ಸರಿಯಾಗೇ ಓಡಿಸುತ್ತಿದ್ದೆ" ಎಂದೆ. ಅದು ಎಷ್ಟು ನಿಜ ಅನಿಸುತ್ತದೆ, ಒಂದರಿಂದ ಏಳರೊಳಗೆ? ಎರಡು. ಈಗ ಸಂಕಟ ಎಷ್ಟು, ಸೊನ್ನೆಯಿಂದ ಹತ್ತರೊಳಗೆ? ಒಂಬತ್ತು. ಮೈಯಲ್ಲಿ ಎಲ್ಲಿ? ಗಂಟಲಲ್ಲಿ.

ಬೆರಳು ಅರ್ಧ ನಿಮಿಷದಷ್ಟು ಆಡುತ್ತದೆ, ನಿಲ್ಲುತ್ತದೆ. "ಏನು ಬಂತು?" ಬಂದದ್ದು ಹೇಳಬೇಕು. "ಸರಿ, ಅದರ ಜೊತೆಗೇ ಇರಿ." ಮತ್ತೆ ಬೆರಳು. ಮೇಡಂ ಸಮಾಧಾನ ಹೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನನಗೆ ಏನೇನೋ ಬಂತು. ಪೆಟ್ರೋಲ್ ವಾಸನೆ, ಯಾರದೋ ಹವಾಯಿ ಚಪ್ಪಲಿ, ಆಸ್ಪತ್ರೆಯ ಹಸಿರು ಪರದೆ. ಆಮೇಲೆ ಸಂಬಂಧವೇ ಇಲ್ಲದ ಹಾಗೆ, ಚಿಕ್ಕಂದಿನಲ್ಲಿ ಅಕ್ಕ ನನಗೆ ಸೈಕಲ್ ಕಲಿಸಿದ್ದು. ಆ ದಿನ ಒಂಬತ್ತು ಆರಕ್ಕೆ ಇಳಿಯಿತು. ಮನೆಗೆ ಬಂದು ತಲೆ ಸಿಡಿಯಿತು, ರಾತ್ರಿ ಕೆಟ್ಟ ಕನಸು. ಇದನ್ನು ಮೊದಲೇ ಹೇಳಿದ್ದರು. ಹಾಗಾಗಿ ಸೆಶನ್ ಶನಿವಾರಕ್ಕೆ ಇಟ್ಟುಕೊಳ್ಳಿ, ಭಾನುವಾರ ಯಾವ ಮದುವೆ ಮುಂಜಿಗೂ ಒಪ್ಪಿಕೊಳ್ಳಬೇಡಿ.

ಅಪರಾಧಿ ಭಾವನೆ ಮಾತ್ರ ಬೆರಳಿಗೆ ಜಗ್ಗಲಿಲ್ಲ. ಅದಕ್ಕೆ ಮೇಡಂ ಸಿಪಿಟಿಯ ಹಾಳೆ ತಂದರು. "ನನ್ನಿಂದಲೇ ಹೋದಳು" ಎಂದು ಮೇಲೆ ಬರೆದು, ಕೆಳಗೆ ಅದಕ್ಕೆ ಸಾಕ್ಷಿ ಏನು, ವಿರುದ್ಧ ಏನು ಎಂದು ಬರೆಯುವುದು. ಟೆಂಪೋ ಬಂದದ್ದು ಹಿಂದಿನಿಂದ. ನಾನಿದ್ದದ್ದು ಎಡಗಡೆ. ಸ್ಪೀಡೂ ಇರಲಿಲ್ಲ. ಇಬ್ಬರೂ ಹೆಲ್ಮೆಟ್ ಹಾಕಿದ್ದೆವು. ಪೊಲೀಸ್ ದಾಖಲೆಯಲ್ಲಿದ್ದದ್ದೂ ಇದೇ. ಅದನ್ನು ನನ್ನ ಕೈಯಿಂದ ನಾನೇ ಬರೆಯುವ ತನಕ ನಾನು ಒಪ್ಪಿಕೊಂಡಿರಲಿಲ್ಲ, ನೋಡಿ.

ಕೆಲವು ತಿಂಗಳಲ್ಲಿ ಸಂಕಟದ ಸಂಖ್ಯೆ ಒಂದಕ್ಕೆ ಬಂತು. ಸಂಖ್ಯೆಗಿಂತ ದೊಡ್ಡ ಪುರಾವೆ ಮನೆಯಲ್ಲೇ ಸಿಕ್ಕಿತು. ಮಗಳು ತಿಂಡಿ ಡಬ್ಬಿಯ ಮುಚ್ಚಳ ಬೀಳಿಸಿದಳು. ಅದು ಅದೇ ಥರ ತಿರುಗಿ ತಿರುಗಿ ನಿಂತಿತು. ನಾನು "ನಿಧಾನ ಕಣೇ, ಎತ್ತಿಡು" ಎಂದು ದೋಸೆ ಮಗುಚಿದೆ. ದೋಸೆ ತಟ್ಟೆಗೆ ಹಾಕಿದ ಮೇಲೆ ಹೊಳೆಯಿತು, ಅರೆ, ನಾನು ನಡುಗಲೇ ಇಲ್ಲ ಅಂತ.

ಎಲ್ಲರೂ ಇಲ್ಲಿಗೆ ಮುಗಿಯಿತು ಅಂದುಕೊಂಡರು. ನನಗೆ ಮಾತ್ರ ಸಂಕಟ ಜಾಸ್ತಿಯಾಯಿತು. ಭಯ ಹೋದ ಜಾಗದಲ್ಲಿ ಅಕ್ಕ ಇಲ್ಲ ಎನ್ನುವುದೊಂದೇ ಉಳಿಯಿತು. ವೈದ್ಯರು ಅದಕ್ಕೇ ಎರಡು ಎಂದದ್ದು. ದೀರ್ಘಕಾಲದ ದುಃಖ ಈಗ ವೈದ್ಯಕೀಯ ಪಟ್ಟಿಯಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಪ್ರಕಾರ ಕನಿಷ್ಠ ಆರು ತಿಂಗಳು, ಅಮೆರಿಕದ ಮನೋವೈದ್ಯರ 2022ರ ಪಟ್ಟಿಯ ಪ್ರಕಾರ ದೊಡ್ಡವರಿಗೆ ಕನಿಷ್ಠ ಒಂದು ವರ್ಷ, ದುಃಖ ಸ್ವಲ್ಪವೂ ಸಡಿಲವಾಗದೆ ಬದುಕನ್ನು ತಡೆಹಿಡಿದಿರಬೇಕು. ನಮ್ಮಲ್ಲೂ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ ಅಲ್ವಾ. ಅಷ್ಟರೊಳಗೆ ಅಳುವವರಿಗೆಲ್ಲ ಕಾಯಿಲೆ ಎಂದು ಹೆಸರಿಡುವ ಅಗತ್ಯವಿಲ್ಲ. ನನಗೆ ಎರಡು ವರ್ಷ ಹತ್ತಿರವಾಗಿತ್ತು.

ಇದಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಯಾಥರೀನ್ ಶಿಯರ್ ರೂಪಿಸಿದ 16 ಸೆಶನ್‌ಗಳ ಥೆರಪಿ ಇದೆ. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದನ್ನು ತಗೊಂಡವರಲ್ಲಿ ಶೇ. 51 ಜನರಿಗೆ ಗುಣ ಕಂಡಿತ್ತು, ಹೋಲಿಕೆಗೆ ಇಟ್ಟುಕೊಂಡ ಇನ್ನೊಂದು ಥೆರಪಿಯಲ್ಲಿ ಶೇ. 28. ಅಂದರೆ ಹೆಚ್ಚುಕಡಿಮೆ ಅರ್ಧ ಜನರಿಗೆ ಆಗಲಿಲ್ಲ ಎಂದೂ ಆಯಿತು. ಮೇಡಂ ಇದನ್ನು ಮುಚ್ಚಿಡಲಿಲ್ಲ.

ಇದರಲ್ಲಿ ಹೋಮ್‌ವರ್ಕ್ ಜಾಸ್ತಿ. ದಿನಾ ರಾತ್ರಿ ಡೈರಿ: ಇವತ್ತು ದುಃಖ ಅತಿ ಹೆಚ್ಚು ಯಾವಾಗ, ಅತಿ ಕಡಿಮೆ ಯಾವಾಗ. "ಕಡಿಮೆ" ಎನ್ನುವ ಕಾಲಂ ತುಂಬಿಸಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಇನ್ನೊಂದು, ತಪ್ಪಿಸಿಕೊಂಡು ತಿರುಗುತ್ತಿದ್ದ ಜಾಗಗಳ ಪಟ್ಟಿ. ಸುಲಭದ್ದರಿಂದ ಶುರು ಮಾಡಿ ಒಂದೊಂದಕ್ಕೇ ಹೋಗಬೇಕು. ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲು ನನ್ನ ಪಟ್ಟಿಯ ಕೊನೆಯಲ್ಲಿತ್ತು. ಅಕ್ಕ ಅಲ್ಲಿ ಚೌಕಾಸಿ ಮಾಡುವುದನ್ನು ನೋಡುವುದೇ ಒಂದು ಮಜಾ.

ಮೂರನೇ ಸೆಶನ್‌ಗೆ ಹತ್ತಿರದವರೊಬ್ಬರನ್ನು ಕರೆದುಕೊಂಡು ಹೋಗಬೇಕು. ಅಮ್ಮ ಬಂದರು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಮೇಡಂ ಕಡೆ ತಿರುಗಿ, "ಇವಳೆದುರು ದೊಡ್ಡವಳ ಹೆಸರು ಎತ್ತಿದರೆ ಇವಳಿಗೆ ಏನಾಗಿಬಿಡುತ್ತೋ ಅಂತ ನಾನು ಎತ್ತೋದೇ ಇಲ್ಲ" ಎಂದರು. ನಾನು ಅಮ್ಮನೆದುರು ಎತ್ತದೇ ಇದ್ದದ್ದೂ ಅದಕ್ಕೇ. ಆ ಒಂದು ಗಂಟೆಗೆ ಕೊಟ್ಟ ದುಡ್ಡು ಪೂರ್ತಿ ವಸೂಲು.

ಎಲ್ಲಕ್ಕಿಂತ ಕಷ್ಟದ್ದು ಹೋದವರ ಜೊತೆ ಕಣ್ಣು ಮುಚ್ಚಿಕೊಂಡು ಮಾತಾಡುವುದು. ನೀವು ಕೇಳಬೇಕು, ಆಮೇಲೆ ಅವರಾಗಿ ನೀವೇ ಉತ್ತರಿಸಬೇಕು. ಇದು ನಾಟಕ ಅನಿಸುತ್ತೆ ಎಂದು ಹೇಳಿಯೇ ಶುರು ಮಾಡಿದೆ. "ನಾನು ಓಡಿಸ್ತಿದ್ದೆ ಕಣಕ್ಕ" ಎಂದೆ. ಅಕ್ಕನಾಗಿ ನನ್ನ ಬಾಯಿಂದ ಬಂದದ್ದು: "ಗೊತ್ತು ಕಣೇ. ಮಕ್ಕಳಿಗೆ ಪರೀಕ್ಷೆ ಟೈಮಲ್ಲಿ ಯಾರಾದ್ರೂ ಹೋಗ್ತಿದೀರಾ?" ಅಕ್ಕ ನಿಜಕ್ಕೂ ಹಾಗೇ ಮಾತು ತಿರುಗಿಸುತ್ತಿದ್ದಳು. ಅವತ್ತು ಅತ್ತಷ್ಟು ಅವಳ ಕಾರ್ಯದ ದಿನವೂ ಅತ್ತಿರಲಿಲ್ಲ.

ಕಾರ್ಯದ ಮಾತು ಬಂತು. ಹಾಲುತುಪ್ಪ, ತಿಥಿ, ವರ್ಷದ ಕಾರ್ಯ, ಎಲ್ಲದರಲ್ಲೂ ಭಾವ, ಮಕ್ಕಳು ಮುಂದೆ. ತಂಗಿಗೆ ಬಡಿಸುವ ಕೆಲಸ. ಮೇಡಂ ಇದನ್ನು ಗುರುತಿಸಿ, ನಿಮ್ಮದೇ ಆದ ಒಂದು ದಿನ ಇಟ್ಟುಕೊಳ್ಳಿ ಎಂದರು. ಈಗ ಅಕ್ಕನ ಹುಟ್ಟುಹಬ್ಬಕ್ಕೆ ನಮ್ಮನೆಯಲ್ಲಿ ಬಸ್ಸಾರು, ಮುದ್ದೆ. ಭಾವ, ಮಕ್ಕಳು ಬರುತ್ತಾರೆ. ಸಾರಿಗೆ ಉಪ್ಪು ಕಡಿಮೆ ಎಂದು ದೊಡ್ಡವನು ಅವನಮ್ಮನ ದನಿಯಲ್ಲೇ ಬೈಯುತ್ತಾನೆ.

ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಸ್ವಲ್ಪ ಕಾಲ ಖಿನ್ನತೆಯ ಮಾತ್ರೆ ತಗೊಂಡಿದ್ದೆ, ವೈದ್ಯರೇ ನಿಧಾನವಾಗಿ ನಿಲ್ಲಿಸಿದರು. ಶಿಯರ್ ಅವರ ತಂಡ 2016ರಲ್ಲಿ ಇದನ್ನೇ ಪರೀಕ್ಷಿಸಿತ್ತು. ಥೆರಪಿ ಜೊತೆ ಸಿಟಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಸೇರಿಸಿದರೆ ಖಿನ್ನತೆ ಇಳಿಯಲು ಸಹಾಯವಾಯಿತು, ಅಗಲಿಕೆಯ ದುಃಖ ಇಳಿಯುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಆಗಲಿಲ್ಲ. ಹಾಗೆಂದು ನೀವಾಗೇ ಮಾತ್ರೆ ಬಿಡಬೇಡಿ.

ದೂರುಗಳೂ ಇವೆ. ನನ್ನ ಇನ್ಶೂರೆನ್ಸ್ ಒಂದು ಪೈಸೆ ಕೊಡಲಿಲ್ಲ. ತುಂಬಿಸುವ ಫಾರಂ ಎಲ್ಲ ಇಂಗ್ಲಿಷಿನಲ್ಲಿ, ಅಮ್ಮನಂಥವರು ಒಬ್ಬರೇ ಹೋದರೆ ಏನು ಮಾಡಬೇಕು? ದುಡ್ಡಿನ ತೊಂದರೆ ಇದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ, ಬೆಂಗಳೂರಿಗೆ ಹತ್ತಿರ ಇದ್ದರೆ ನಿಮ್ಹಾನ್ಸ್‌ಗೆ. ತಕ್ಷಣ ಯಾರ ಹತ್ತಿರವಾದರೂ ಮಾತಾಡಬೇಕೆಂದರೆ ಟೆಲಿ ಮಾನಸ್ 14416. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸೇವೆ, ಉಚಿತ, ದಿನವಿಡೀ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಬದುಕೇ ಬೇಡ ಅನಿಸುತ್ತಿದ್ದರೆ ನನ್ನ ವಿಮರ್ಶೆ ಓದುತ್ತಾ ಕೂರಬೇಡಿ, ಈಗಲೇ ಆ ನಂಬರಿಗೆ ಫೋನ್ ಮಾಡಿ.

ಈಗ ನಾನು ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗುತ್ತೇನೆ, ಮುಖ್ಯವಾಗಿ ಅಪಘಾತದ ದಿನ ಹತ್ತಿರ ಬಂದಾಗ. ಸ್ಕೂಟರ್ ಓಡಿಸುತ್ತೇನೆ, ರಿಂಗ್ ರಸ್ತೆಯಲ್ಲೂ. ಹಿಂದೆ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಅದರ ಮೇಲೂ ಕೆಲಸ ಮಾಡೋಣ ಎಂದು ಮೇಡಂ ಹೇಳುತ್ತಿರುತ್ತಾರೆ, ನಾನು ಮುಂದೂಡುತ್ತಿದ್ದೇನೆ.

ಅಂಕ ಕೊಡಲೇಬೇಕೆಂದರೆ, ಇಎಂಡಿಆರ್‌ಗೆ ಐದಕ್ಕೆ ನಾಲ್ಕೂವರೆ. ದುಃಖದ ಥೆರಪಿಗೆ ನಾಲ್ಕು, ಯಾಕೆಂದರೆ ಇದನ್ನು ಕಲಿತವರು ನನಗೆ ಸುಲಭಕ್ಕೆ ಸಿಗಲಿಲ್ಲ, ಮೇಡಂ ಕೂಡ ನನಗೋಸ್ಕರ ಓದಿಕೊಂಡು ಮಾಡಿಸಿದರು. ಆ್ಯಪಿಗೆ ಒಂದು, ಅದೂ ರಾತ್ರಿ ಹತ್ತಕ್ಕೂ ಸ್ಲಾಟ್ ಸಿಗುತ್ತಿತ್ತು ಎನ್ನುವ ಕಾರಣಕ್ಕೆ.